ನ್ಯಾಯಮೂರ್ತಿ ಲೂಯಿಸ್ ಬ್ರಾಂಡೈಸ್ ಅವರ ಕಾಗದಪತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾನೂನು ವಿದ್ಯಾರ್ಥಿಗಳು, ಇತಿಹಾಸದ ಸಂಶೋಧಕರು ಮತ್ತು ಅನುವಾದಕರು ಪತ್ರದಲ್ಲೂ ಮಾತಿನಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ. ಹೆಚ್ಚಿನ ತೊಡಕು ಹುಟ್ಟುವುದು ಒಂದೇ ಕಾರಣಕ್ಕೆ: ಒಂದು ಊರಿನ ಪೆಟ್ಟಿಗೆಗಳನ್ನು ನೋಡಿ ಬ್ರಾಂಡೈಸ್ ಪೂರ್ತಿ ಸಿಕ್ಕರು ಎಂದುಕೊಳ್ಳುವುದು. ಆ ತಪ್ಪು ಆಗದಂತೆ ದಾರಿ ತೋರಿಸುವುದು ಈ ಪುಟದ ಕೆಲಸ.

## ಮೊದಲು ತಿಳಿದಿರಬೇಕಾದದ್ದು

ಬ್ರಾಂಡೈಸ್ ಅಂದ್ರೆ ಯಾರು? ಅಮೆರಿಕದ ಒಬ್ಬ ಜಡ್ಜ್ ಅಂತ ಮಾತ್ರ ಗೊತ್ತು.

ಲೂಯಿಸ್ ಡೆಂಬಿಟ್ಜ್ ಬ್ರಾಂಡೈಸ್ ಹುಟ್ಟಿದ್ದು 1856ರ ನವೆಂಬರ್ 13ರಂದು, ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ. ತಂದೆ ತಾಯಿ ಪ್ರಾಗ್‌ನಿಂದ ವಲಸೆ ಬಂದ ಯಹೂದಿಗಳು. ಹಾರ್ವರ್ಡ್‌ನಲ್ಲಿ ಕಾನೂನು ಓದಿ ಬಾಸ್ಟನ್‌ನಲ್ಲಿ ವಕೀಲಿಕೆ ಮಾಡಿದರು. 1890ರಲ್ಲಿ ಪಾಲುದಾರ ಸ್ಯಾಮ್ಯುಯೆಲ್ ವಾರೆನ್ ಜೊತೆ ಖಾಸಗಿತನದ ಹಕ್ಕಿನ ಬಗ್ಗೆ ಬರೆದ ಲೇಖನ ಇಂದಿಗೂ ಜಗತ್ತಿನ ನ್ಯಾಯಾಲಯಗಳಲ್ಲಿ ಉಲ್ಲೇಖವಾಗುತ್ತದೆ.

ಊರಿನ ಕೆಲಸ ಅವರಿಗೆ ವಕೀಲಿಕೆಯಷ್ಟೇ ಮುಖ್ಯವಾಗಿತ್ತು. ಬಾಸ್ಟನ್‌ನ ಟ್ರಾಮ್ ಕಂಪನಿಯ ಏಕಸ್ವಾಮ್ಯದ ವಿರುದ್ಧ ನಿಂತರು. ಅಡುಗೆ ಅನಿಲದ ದರ ಇಳಿದರೆ ಮಾತ್ರ ಕಂಪನಿಯ ಲಾಭಾಂಶ ಏರಬಹುದು ಎಂಬ ವ್ಯವಸ್ಥೆಯನ್ನು ಜಾರಿಗೆ ತರಿಸಿದರು. 1907ರಲ್ಲಿ ಮ್ಯಾಸಚೂಸೆಟ್ಸ್‌ನ ಉಳಿತಾಯ ಬ್ಯಾಂಕುಗಳಲ್ಲೇ ಕಾರ್ಮಿಕರಿಗೆ ಅಗ್ಗದ ಜೀವವಿಮೆ ಸಿಗುವಂತೆ ಕಾನೂನು ಮಾಡಿಸಿದರು. ಇಂಥ ಕೆಲಸಕ್ಕೆ ಶುಲ್ಕ ತೆಗೆದುಕೊಳ್ಳುತ್ತಿರಲಿಲ್ಲ. 1914ರಲ್ಲಿ ಅಮೆರಿಕದ ಜಿಯೋನಿಸ್ಟ್ ಚಳವಳಿಯ, ಅಂದರೆ ಪ್ಯಾಲೆಸ್ಟೈನ್‌ನಲ್ಲಿ ಯಹೂದಿಗಳಿಗೆ ನೆಲೆ ಬೇಕೆನ್ನುವ ಚಳವಳಿಯ ನಾಯಕತ್ವ ವಹಿಸಿಕೊಂಡರು. 1916ರ ಜೂನ್ 1ರಂದು ಸೆನೆಟ್ 47–22 ಮತಗಳಿಂದ ಒಪ್ಪಿಗೆ ಕೊಟ್ಟಾಗ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಯಹೂದಿ ನ್ಯಾಯಮೂರ್ತಿಯಾದರು. 1939ರಲ್ಲಿ ನಿವೃತ್ತರಾದರು, 1941ರ ಅಕ್ಟೋಬರ್ 5ರಂದು ತೀರಿಕೊಂಡರು.

ಅವರ ಕಾಗದ ಎಲ್ಲಾ ಒಂದೇ ಕಡೆ ಸಿಗುತ್ತಾ?

ಸಿಗುವುದಿಲ್ಲ. ದೊಡ್ಡ ಭಾಗ ಲೂಯಿವಿಲ್ ವಿಶ್ವವಿದ್ಯಾಲಯದ ಕಾನೂನು ಗ್ರಂಥಾಲಯದಲ್ಲಿದೆ. ಸುಮಾರು 2,50,000 ಹಾಳೆ, ಪತ್ರ, ಕತ್ತರಿಕೆಗಳ ಸಂಗ್ರಹ ಅದು. ವಕೀಲಿಕೆ, ಸಾರ್ವಜನಿಕ ಹೋರಾಟ, ಜಿಯೋನಿಸ್ಟ್ ಕೆಲಸ, ಅಣ್ಣ ಆಲ್‌ಫ್ರೆಡ್‌ಗೆ ಬರೆದ ಪತ್ರಗಳು ಅಲ್ಲಿವೆ. ಸುಪ್ರೀಂ ಕೋರ್ಟಿನಲ್ಲಿದ್ದಾಗಿನ ತೀರ್ಪಿನ ಕರಡುಗಳು ಮತ್ತು ಕೆಲಸದ ಕಡತಗಳು ಹಾರ್ವರ್ಡ್ ಕಾನೂನು ಶಾಲೆಯ ಗ್ರಂಥಾಲಯದಲ್ಲಿವೆ. ಬಾಸ್ಟನ್ ಪಕ್ಕದ ವಾಲ್ಟಮ್‌ನಲ್ಲಿರುವ, 1948ರಲ್ಲಿ ಅವರದೇ ಹೆಸರಿನಲ್ಲಿ ಶುರುವಾದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಕುಟುಂಬದ ಕಡೆಯಿಂದ ಬಂದ ಕಾಗದಗಳಿವೆ. ಆಪ್ತರಾಗಿದ್ದ ಹಾರ್ವರ್ಡ್ ಕಾನೂನು ಪ್ರಾಧ್ಯಾಪಕ ಫೀಲಿಕ್ಸ್ ಫ್ರಾಂಕ್‌ಫರ್ಟರ್ ಅವರಿಗೆ ಬರೆದ ನೂರಾರು ಪತ್ರಗಳು ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ, ಫ್ರಾಂಕ್‌ಫರ್ಟರ್ ಸಂಗ್ರಹದೊಳಗೆ ಸೇರಿವೆ. ಜಿಯೋನಿಸ್ಟ್ ಸಂಘಟನೆಯ ಕಡೆಯ ದಾಖಲೆ ಬೇಕಾದರೆ ಜೆರುಸಲೇಮಿನ ಸೆಂಟ್ರಲ್ ಜಿಯೋನಿಸ್ಟ್ ಆರ್ಕೈವ್ಸ್ ನೋಡಬೇಕು.

ಬಾಸ್ಟನ್‌ನ ಹೋರಾಟಗಾರನನ್ನು ಹುಡುಕುವವರು ಹಾರ್ವರ್ಡ್‌ಗೆ ಹೋದರೆ ಬರಿಗೈಯಲ್ಲಿ ಬರುತ್ತಾರೆ. ತೀರ್ಪು ಹೇಗೆ ರೂಪುಗೊಂಡಿತು ಎಂದು ನೋಡಲು ಲೂಯಿವಿಲ್‌ಗೆ ಹೋದರೂ ಅಷ್ಟೆ.

ಅವರು ಬದುಕಿದ್ದು ಬಾಸ್ಟನ್, ವಾಷಿಂಗ್ಟನ್‌ನಲ್ಲಿ. ಕಾಗದ ಲೂಯಿವಿಲ್‌ಗೆ ಯಾಕೆ ಹೋಯ್ತು?

ಹುಟ್ಟೂರಿನ ವಿಶ್ವವಿದ್ಯಾಲಯವನ್ನು ಕಟ್ಟಬೇಕೆಂಬ ಆಸೆ ಅವರಿಗೆ ಬಲವಾಗಿತ್ತು. 1924ರ ಹೊತ್ತಿನಿಂದ ಅಣ್ಣನ ಕುಟುಂಬದ ನೆರವಿನಿಂದ ಅಲ್ಲಿಗೆ ಪುಸ್ತಕಗಳು, ರೈಲ್ವೆ ಕುರಿತ ಕಡತಗಳು, ಯಹೂದಿ ಮತ್ತು ಪ್ಯಾಲೆಸ್ಟೈನ್ ವಿಷಯದ ಸಂಗ್ರಹ ಕಳಿಸುತ್ತಾ ಬಂದರು. ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ವಾದಪತ್ರಗಳ ಪ್ರತಿಗಳು ಅಲ್ಲಿನ ಕಾನೂನು ಗ್ರಂಥಾಲಯಕ್ಕೆ ತಲುಪುವ ಏರ್ಪಾಡನ್ನೂ ಮಾಡಿದರು. ಅವರ ಮತ್ತು ಪತ್ನಿ ಆಲಿಸ್ ಅವರ ಚಿತಾಭಸ್ಮ ಅದೇ ಕಾನೂನು ಶಾಲೆಯ ಮುಂಭಾಗದ ಕಂಬಸಾಲಿನ ಕೆಳಗಿದೆ.

ಜಡ್ಜ್ ಆಗಿದ್ದಾಗಿನ ಕಾಗದ ಸರ್ಕಾರದ್ದಲ್ವಾ? ಮನೆಗೆ ಹೇಗೆ ತಗೊಂಡು ಹೋದ್ರು?

ಅಮೆರಿಕದಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಕರಡು, ಟಿಪ್ಪಣಿ, ಪತ್ರಗಳು ಅವರವರ ಸ್ವಂತ ಆಸ್ತಿ. ಅಧ್ಯಕ್ಷರ ಕಾಗದಗಳನ್ನು ಸರ್ಕಾರದ ಸ್ವತ್ತು ಮಾಡಿದ 1978ರ ಕಾನೂನು ನ್ಯಾಯಮೂರ್ತಿಗಳಿಗೆ ಅನ್ವಯಿಸುವುದಿಲ್ಲ. ಇಟ್ಟುಕೊಳ್ಳಬಹುದು, ದಾನ ಕೊಡಬಹುದು, ಸುಡಲೂಬಹುದು. ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ 1971ರಲ್ಲಿ ತಮ್ಮ ಸಮಾಲೋಚನಾ ಟಿಪ್ಪಣಿಗಳನ್ನು ಸುಡಿಸಿದರು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ತೀರಿಕೊಂಡ 1993ರಲ್ಲೇ ಅವರ ಕಾಗದಗಳು ಓದುಗರಿಗೆ ತೆರೆದುಕೊಂಡು ದೊಡ್ಡ ವಿವಾದವಾಯಿತು. ಬ್ರಾಂಡೈಸ್ ಕಾಲದಲ್ಲಿ ನ್ಯಾಯಮೂರ್ತಿಗಳು ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದರು. 1935ರಲ್ಲಿ ಕೋರ್ಟಿಗೆ ಸ್ವಂತ ಕಟ್ಟಡ ಬಂದ ಮೇಲೂ ಬ್ರಾಂಡೈಸ್ ಅಲ್ಲಿನ ಕಚೇರಿಗೆ ಹೋಗಲಿಲ್ಲ. ಆದ್ದರಿಂದ ಕರಡುಗಳು ಮೊದಲಿಂದಲೂ ಮನೆಯಲ್ಲೇ ಇದ್ದವು, ಆಮೇಲೆ ಫ್ರಾಂಕ್‌ಫರ್ಟರ್ ಮೂಲಕ ಹಾರ್ವರ್ಡ್‌ಗೆ ಸೇರಿದವು.

ನಮಗೂ ಇದಕ್ಕೂ ಏನು ಸಂಬಂಧ?

ನೇರ ಸಂಬಂಧವೇ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯದಲ್ಲಿ 2012ರಲ್ಲಿ ಹೂಡಿದ ಅರ್ಜಿಯಿಂದ, 2017ರ ಆಗಸ್ಟ್ 24ರಂದು ಭಾರತದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ತೀರ್ಪು 1890ರ ವಾರೆನ್–ಬ್ರಾಂಡೈಸ್ ಲೇಖನವನ್ನೂ, 1928ರ ಓಮ್‌ಸ್ಟೆಡ್ ಮೊಕದ್ದಮೆಯಲ್ಲಿ ಬಹುಮತದ ತೀರ್ಪನ್ನು ಒಪ್ಪದೆ ಬ್ರಾಂಡೈಸ್ ಬರೆದ ಭಿನ್ನಮತವನ್ನೂ ಚರ್ಚಿಸುತ್ತದೆ. ಆ ಭಿನ್ನಮತದ ಕರಡುಗಳು ಹಾರ್ವರ್ಡ್ ಪೆಟ್ಟಿಗೆಗಳಲ್ಲಿವೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಖಾಸಗಿತನದ ಬಗ್ಗೆ ಪ್ರಬಂಧ ಬರೆಯುವವರಿಗೆ ಅವು ಮೂಲ ಆಕರ.

## ಹುಡುಕುವುದು, ತರಿಸಿಕೊಳ್ಳುವುದು

ಅಡಿಟಿಪ್ಪಣಿಗಳಲ್ಲಿ 'ಎನ್‌ಎಂಎಫ್', 'ಎಸ್‌ಸಿ', 'ಎಂ' ಅಂತೆಲ್ಲಾ ಇರುತ್ತೆ. ಏನದು?

ಅವು ಲೂಯಿವಿಲ್ ಸಂಗ್ರಹದ ವಿಭಾಗಗಳ ಗುರುತು. ಎನ್‌ಎಂಎಫ್ ಅಂದರೆ ನಟ್ಟರ್, ಮೆಕ್ಲೆನನ್ ಆ್ಯಂಡ್ ಫಿಶ್. ಬ್ರಾಂಡೈಸ್ ಇದ್ದ ಬಾಸ್ಟನ್ ವಕೀಲ ಸಂಸ್ಥೆ ಮುಂದೆ ಪಡೆದ ಹೆಸರು ಇದು. ಇಲ್ಲೇ ಹಲವರು ಎಡವುತ್ತಾರೆ. ಬ್ರಾಂಡೈಸ್ ಇದ್ದಾಗ ಸಂಸ್ಥೆಯ ಹೆಸರು ಮೊದಲು ವಾರೆನ್ ಆ್ಯಂಡ್ ಬ್ರಾಂಡೈಸ್, 1897ರಿಂದ ಬ್ರಾಂಡೈಸ್, ಡನ್‌ಬಾರ್ ಆ್ಯಂಡ್ ನಟ್ಟರ್. 1916ರಲ್ಲಿ ಅವರು ಸಂಸ್ಥೆ ಬಿಟ್ಟರು. 1905ರ ಕಡತ ಬೇಕಾದವರು ಸೂಚಿಯಲ್ಲಿ ಹಳೆಯ ಹೆಸರು ಹುಡುಕಿ, ಸಿಗದೆ, ಕಡತ ಇಲ್ಲ ಎಂದುಕೊಂಡುಬಿಡುತ್ತಾರೆ. ಅದು ಎನ್‌ಎಂಎಫ್ ವಿಭಾಗದಲ್ಲೇ ಇರುತ್ತದೆ.

'ಎಸ್‌ಸಿ' ಅಂದರೆ ಸುಪ್ರೀಂ ಕೋರ್ಟ್ ವರ್ಷಗಳ ಪತ್ರವ್ಯವಹಾರ. ತೀರ್ಪಿನ ಕರಡುಗಳು ಇದರಲ್ಲಿಲ್ಲ, ಅವು ಹಾರ್ವರ್ಡ್‌ನಲ್ಲಿ ಎಂಬುದು ಮತ್ತೊಮ್ಮೆ ನೆನಪಿರಲಿ. 'ಜೆಡ್' ಎಂದು ಶುರುವಾಗುವುದು ಜಿಯೋನಿಸ್ಟ್ ಕಡತಗಳು. 'ಎಂ' ಬಿಡಿಬಿಡಿ ಕಾಗದಗಳು. ಈ 'ಬಿಡಿ' ವಿಭಾಗವನ್ನು ಕಡೆಗಣಿಸಬೇಡಿ. ಯಾವುದಕ್ಕೂ ಸೇರದ ಕಾಗದದಲ್ಲೇ ಕುಟುಂಬದ ವಿಷಯ ಹೆಚ್ಚು ಸಿಗುತ್ತದೆ.

ಎನ್‌ಎಂಎಫ್ ವಿಭಾಗದ ಬೆಲೆ ಎಂಥದ್ದು ಎಂಬುದಕ್ಕೆ ಒಂದು ನಿದರ್ಶನ. 1916ರಲ್ಲಿ ಸುಪ್ರೀಂ ಕೋರ್ಟಿಗೆ ಬ್ರಾಂಡೈಸ್ ನೇಮಕದ ಬಗ್ಗೆ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿದಾಗ ವಿರೋಧಿಗಳು ಹಳೆಯ ಮೊಕದ್ದಮೆಗಳನ್ನೆಲ್ಲ ಕೆದಕಿದರು. ಅದರಲ್ಲಿ ಲೆನಾಕ್ಸ್ ಎಂಬ ಚರ್ಮ ಹದಮಾಡುವ ಉದ್ಯಮಿಯ ದಿವಾಳಿ ಪ್ರಕರಣ ಒಂದು. ಬ್ರಾಂಡೈಸ್ ಯಾರ ವಕೀಲರಾಗಿದ್ದರು, ಲೆನಾಕ್ಸ್‌ಗೋ, ಸಾಲ ಕೊಟ್ಟವರೆಲ್ಲರ ಹಿತಕ್ಕೋ ಎಂಬುದೇ ತಕರಾರು. ಆಗ ಪಾಲುದಾರ ಎಡ್ವರ್ಡ್ ಮೆಕ್ಲೆನನ್ ವಾಷಿಂಗ್ಟನ್‌ಗೆ ಹೋಗಿ ಸಾಕ್ಷಿ ನುಡಿದರು. ವಿಚಾರಣೆಯ ನಡಾವಳಿ ಸರ್ಕಾರವೇ ಅಚ್ಚು ಹಾಕಿಸಿದ್ದು, ಸಾವಿರಕ್ಕೂ ಹೆಚ್ಚು ಪುಟ. ಅಚ್ಚಾದ ಸಾಕ್ಷ್ಯವನ್ನೂ ಸಂಸ್ಥೆಯ ಕಡತವನ್ನೂ ಪಕ್ಕಪಕ್ಕ ಇಟ್ಟು ಓದಿ. ಆರೋಪದ ಕಾವಿನಲ್ಲಿ ಆಡಿದ ಮಾತು ಯಾವುದು, ಪ್ರಕರಣ ನಡೆದಾಗಲೇ ಬರೆದದ್ದು ಯಾವುದು ಎಂದು ಬೇರ್ಪಡಿಸಲು ಇದೇ ದಾರಿ.

ಅಮೆರಿಕಕ್ಕೆ ಹೋಗೋಕೆ ಆಗಲ್ಲ. ಇಲ್ಲಿಂದಲೇ ಓದಬಹುದಾ?

ಬಹಳಷ್ಟು ಓದಬಹುದು. ಈ ಕ್ರಮ ಹಿಡಿದರೆ ದುಡ್ಡೂ ಸಮಯವೂ ಉಳಿಯುತ್ತದೆ.

ಮೊದಲು ಮುದ್ರಿತ ಪತ್ರಗಳು. ಮೆಲ್ವಿನ್ ಯುರೋಫ್‌ಸ್ಕಿ ಮತ್ತು ಡೇವಿಡ್ ಲೆವಿ ಸಂಪಾದಿಸಿದ ಐದು ಸಂಪುಟಗಳು 1971ರಿಂದ 1978ರ ನಡುವೆ ಬಂದವು. ಮೊದಲನೆಯದು 1870–1907, ಎರಡನೆಯದು 1907–1912, ಮೂರನೆಯದು 1913–1915, ನಾಲ್ಕನೆಯದು 1916–1921, ಐದನೆಯದು 1921–1941. ಫ್ರಾಂಕ್‌ಫರ್ಟರ್‌ಗೆ ಬರೆದ ಪತ್ರಗಳು 1991ರಲ್ಲಿ, ಮನೆಯವರಿಗೆ ಬರೆದವು 2002ರಲ್ಲಿ ಪ್ರತ್ಯೇಕ ಪುಸ್ತಕಗಳಾದವು. ನಿಮಗೆ ಬೇಕಾದ ವರ್ಷದ ಸಂಪುಟದಲ್ಲಿ ಪ್ರತಿ ಪತ್ರದ ಕೆಳಗೆ ಮೂಲ ಯಾವ ಸಂಗ್ರಹದ್ದು ಎಂಬ ಗುರುತಿರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಮುಂದಿನ ಹೆಜ್ಜೆಗೆ ಅದೇ ಆಧಾರ.

ಆಮೇಲೆ ಪತ್ರಾಗಾರದ ಸೂಚಿ, ಅಂದರೆ ಯಾವ ಪೆಟ್ಟಿಗೆಯ ಯಾವ ಫೋಲ್ಡರಿನಲ್ಲಿ ಏನಿದೆ ಎಂಬ ಪಟ್ಟಿ. ಇದು ಅಂತರ್ಜಾಲದಲ್ಲೇ ಸಿಗುತ್ತದೆ. ಫೋಲ್ಡರ್ ಹೆಸರಿನ ಪಕ್ಕ ಡಿಜಿಟಲ್ ಪ್ರತಿಯ ಕೊಂಡಿ ಇದೆಯೇ ನೋಡಿ. ಇದ್ದರೆ ಕೆಲಸ ಅಲ್ಲೇ ಮುಗಿಯಿತು. ಇಲ್ಲದಿದ್ದರೆ ಮೈಕ್ರೋಫಿಲ್ಮ್, ಅಂದರೆ ಕಾಗದಗಳ ಪುಟ್ಟ ಚಿತ್ರಗಳಿರುವ ಫಿಲ್ಮ್ ಸುರುಳಿ, ಆಗಿದೆಯೇ ಕೇಳಿ. ಲೂಯಿವಿಲ್ ಸಂಗ್ರಹವೂ ಹಾರ್ವರ್ಡ್ ಕರಡುಗಳಲ್ಲಿ ಒಂದು ಭಾಗವೂ ಮೈಕ್ರೋಫಿಲ್ಮ್ ಆಗಿವೆ. ಅಮೆರಿಕದಲ್ಲಿ ಓದುತ್ತಿರುವ ಗೆಳೆಯರಿದ್ದರೆ ಅವರ ವಿಶ್ವವಿದ್ಯಾಲಯದ ಗ್ರಂಥಾಲಯ ರೀಲುಗಳನ್ನು ಎರವಲು ತರಿಸಿಕೊಡಬಲ್ಲದು. ಕೊನೆಯ ದಾರಿ, ಬೇಕಾದ ಫೋಲ್ಡರನ್ನು ದುಡ್ಡು ಕೊಟ್ಟು ಸ್ಕ್ಯಾನ್ ಮಾಡಿಸುವುದು.

ಪತ್ರಾಗಾರಕ್ಕೆ ಮೇಲ್ ಹಾಕಿದ್ದೆ, 'ಸೂಚಿ ನೋಡಿ' ಅಂತ ಒಂದು ಸಾಲಿನ ಉತ್ತರ ಬಂತು. ಸರಿಯಾಗಿ ಕೇಳೋದು ಹೇಗೆ?

'ಬ್ರಾಂಡೈಸ್ ಮತ್ತು ಖಾಸಗಿತನದ ಬಗ್ಗೆ ಇರುವುದನ್ನೆಲ್ಲ ಕಳಿಸಿ' ಎಂದರೆ ಯಾವ ಪತ್ರಪಾಲಕರೂ ಕಳಿಸಲಾರರು. ಸಂಶೋಧನೆ ನಿಮ್ಮ ಕೆಲಸ, ಪೆಟ್ಟಿಗೆ ತೆಗೆದುಕೊಡುವುದು ಅವರ ಕೆಲಸ. ಮೇಲ್‌ನಲ್ಲಿ ಇಷ್ಟು ಇರಲಿ: ಸಂಗ್ರಹದ ಪೂರ್ಣ ಹೆಸರು, ಪೆಟ್ಟಿಗೆ ಮತ್ತು ಫೋಲ್ಡರ್ ಸಂಖ್ಯೆ ಅಥವಾ ಮೈಕ್ರೋಫಿಲ್ಮ್ ರೀಲ್ ಸಂಖ್ಯೆ, ಪತ್ರ ಬರೆದವರು, ಪಡೆದವರು, ದಿನಾಂಕ, ಯಾವುದಕ್ಕೆ ಬೇಕು, ಯಾವಾಗಿನೊಳಗೆ ಬೇಕು. ಪೂರ್ತಿ ಫೋಲ್ಡರ್ ಬೇಕಿದ್ದರೆ ಮೊದಲು ಎಷ್ಟು ಪುಟವಿದೆ, ಎಷ್ಟು ಖರ್ಚಾಗುತ್ತದೆ ಎಂದು ಕೇಳಿ. ಒಂದು ಮೇಲ್‌ಗೆ ಒಂದೆರಡು ಫೋಲ್ಡರ್ ಸಾಕು. ಸೂಚಿ ಓದಿದ ಮೇಲೂ ಗೊಂದಲ ಉಳಿದಿದ್ದರೆ, ಇಂತಿಂಥ ಫೋಲ್ಡರ್ ನೋಡಿದೆ, ಇಲ್ಲಿ ಸಿಕ್ಕಿಬಿದ್ದೆ ಎಂದು ಬರೆಯಿರಿ. ಓದಿಕೊಂಡು ಬಂದವರಿಗೆ ಅವರು ಮನಸ್ಸಿಟ್ಟು ಸಹಾಯ ಮಾಡುತ್ತಾರೆ.

ಹೋಗೋ ಅವಕಾಶ ಸಿಕ್ಕಿದೆ. ಓದುವ ಕೋಣೆಯಲ್ಲಿ ಹೇಗಿರಬೇಕು?

ಮುಂಚಿತವಾಗಿ ಹೆಸರು ನೋಂದಾಯಿಸಿ, ಬೇಕಾದ ಪೆಟ್ಟಿಗೆಗಳನ್ನು ಬರುವ ಮೊದಲೇ ತಿಳಿಸಿ. ಬಹಳಷ್ಟು ಸಂಗ್ರಹಗಳು ಬೇರೆ ಕಟ್ಟಡದಲ್ಲಿರುತ್ತವೆ, ತರಿಸಲು ದಿನಗಳೇ ಹಿಡಿಯಬಹುದು. ಪಾಸ್‌ಪೋರ್ಟ್ ಕೈಯಲ್ಲಿರಲಿ. ಬ್ಯಾಗು, ನೀರಿನ ಬಾಟಲಿ ಲಾಕರಿಗೆ. ಪೆನ್ನು ಸಲ್ಲ, ಪೆನ್ಸಿಲ್ ಮಾತ್ರ. ಫ್ಲ್ಯಾಶ್ ಇಲ್ಲದೆ ಫೋನಿನಲ್ಲಿ ಚಿತ್ರ ತೆಗೆಯಲು ಸಾಮಾನ್ಯವಾಗಿ ಅನುಮತಿ ಇರುತ್ತದೆ, ಆದರೂ ಕೇಳಿಯೇ ತೆಗೆಯಿರಿ.

ಒಮ್ಮೆಗೆ ಒಂದೇ ಫೋಲ್ಡರ್ ಹೊರತೆಗೆಯಿರಿ, ಅದಿದ್ದ ಜಾಗದಲ್ಲಿ ಗುರುತಿನ ಹಲಗೆ ಇಡಿ. ಕಾಗದಗಳ ಕ್ರಮ ತಪ್ಪು ಎನಿಸಿದರೂ ನೀವು ಸರಿಪಡಿಸಬೇಡಿ. ಯಾವ ಕಾಗದ ಯಾವುದರ ಪಕ್ಕ ಇತ್ತು ಎಂಬುದೂ ಒಂದು ಸಾಕ್ಷ್ಯ. ಚಿತ್ರ ತೆಗೆಯುವಾಗ ಪ್ರತಿ ಫೋಲ್ಡರಿನ ಮೊದಲ ಚಿತ್ರ ಅದರ ಮೇಲಿನ ಹೆಸರುಚೀಟಿಯದ್ದೇ ಆಗಿರಲಿ. ಇದನ್ನು ಬಿಟ್ಟವರು ಊರಿಗೆ ಬಂದ ಮೇಲೆ ನೂರಾರು ಚಿತ್ರ ಮುಂದಿಟ್ಟುಕೊಂಡು, ಯಾವ ಪತ್ರ ಯಾವ ಪೆಟ್ಟಿಗೆಯದು ಎಂದು ಹೇಳಲಾಗದೆ, ಒಂದನ್ನೂ ಉಲ್ಲೇಖಿಸಲಾಗದೆ ಕೂರುತ್ತಾರೆ.

## ಪತ್ರಗಳನ್ನು ಓದುವುದು

ಬ್ರಾಂಡೈಸ್ ಕೈಬರಹ ಓದೋಕೇ ಆಗ್ತಿಲ್ಲ. ಏನಾದ್ರೂ ಉಪಾಯ ಇದೆಯಾ?

ವಕೀಲಿಕೆಯ ವರ್ಷಗಳಲ್ಲಿ ಟೈಪಾದ ಪತ್ರಗಳು ಸಾಕಷ್ಟಿವೆ, ತೊಂದರೆ ಕಡಿಮೆ. ನ್ಯಾಯಮೂರ್ತಿಯಾದ ಮೇಲೆ ಕೈಯಲ್ಲೇ ಬರೆದರು, ಅದೂ ಅಕ್ಷರ ನುಂಗಿ, ಪದ ಮೊಟಕು ಮಾಡಿ. ಮುದ್ರಿತ ಸಂಪುಟದಲ್ಲಿರುವ ಒಂದು ಪತ್ರವನ್ನೇ ಆರಿಸಿ ಅದರ ಮೂಲದ ಚಿತ್ರ ಪಕ್ಕದಲ್ಲಿಟ್ಟು ಓದಿ. ಅವರ ಒಂದೊಂದು ಅಕ್ಷರದ ಆಕಾರವನ್ನೂ ನಿಮ್ಮ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಇಂಥ ನಾಲ್ಕೈದು ಪತ್ರ ಆದ ಮೇಲೆ ಮುದ್ರಣವಾಗದ ಪತ್ರಕ್ಕೆ ಕೈಹಾಕಿ. ತಿಳಿಯದ ಪದವನ್ನು ಊಹಿಸಿ ತುಂಬಬೇಡಿ. ಚೌಕ ಕಂಸ ಹಾಕಿ ಖಾಲಿ ಬಿಡಿ, ಅದೇ ವಾರದ ಇನ್ನೊಂದು ಪತ್ರದಲ್ಲಿ ಅದೇ ಪದ ಸ್ಪಷ್ಟವಾಗಿ ಸಿಗುವ ಸಾಧ್ಯತೆ ಹೆಚ್ಚು.

ಹಿಂದಿನ ತಲೆಮಾರಿನ ಕುಟುಂಬದ ಕಾಗದಗಳಲ್ಲಿ ಜರ್ಮನ್ ಇದೆ. ಬ್ರಾಂಡೈಸ್ ಹದಿಹರೆಯದಲ್ಲಿ ಡ್ರೆಸ್ಡೆನ್‌ನಲ್ಲಿ ಓದಿದವರು, ಮನೆಯಲ್ಲೂ ಜರ್ಮನ್ ನಡೆಯುತ್ತಿತ್ತು. ಹಳೆಯ ಜರ್ಮನ್ ಕೈಬರಹದ ಲಿಪಿಯೇ ಬೇರೆ. ಇಂದಿನ ಜರ್ಮನ್ ಬಲ್ಲವರೂ ಅದನ್ನು ಪ್ರತ್ಯೇಕವಾಗಿ ಕಲಿಯಬೇಕು.

5/6/16 ಅಂತ ಇರೋ ಪತ್ರ ಜೂನ್ ತಿಂಗಳದ್ದು ತಾನೆ?

ಮೇ 6, 1916. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಈ ಒಂದು ಪತ್ರದಲ್ಲಿ ತಪ್ಪಿದರೆ ಆಗುವ ಅನರ್ಥ ಸಣ್ಣದಲ್ಲ. ಜೂನ್ 5ಕ್ಕೆ ಬ್ರಾಂಡೈಸ್ ಪ್ರಮಾಣವಚನ ತೆಗೆದುಕೊಂಡಾಗಿತ್ತು, ಮೇ 6ಕ್ಕೆ ಸೆನೆಟ್ಟಿನ ಮತದಾನವೇ ಆಗಿರಲಿಲ್ಲ. ಹೋರಾಟದ ನಡುವೆ ಬರೆದ ಪತ್ರವನ್ನು ಗೆದ್ದ ಮೇಲಿನ ಪತ್ರವೆಂದು ಓದಿದಂತಾಗುತ್ತದೆ.

ಪತ್ರದ ಒಳಗೆ ಹೆಸರೇ ಇಲ್ಲ, ಬರೀ ಅಕ್ಷರಗಳು. ಯಾರು ಅಂತ ಗೊತ್ತಾಗೋದು ಹೇಗೆ?

ಪದೇ ಪದೇ ಬರುವವರು ಕೆಲವರೇ. ಎಫ್.ಎಫ್. ಎಂದರೆ ಫೀಲಿಕ್ಸ್ ಫ್ರಾಂಕ್‌ಫರ್ಟರ್. ಓ.ಡಬ್ಲ್ಯು.ಎಚ್. ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್. ಜೆ.ಡಬ್ಲ್ಯು.ಎಂ. ನ್ಯಾಯಾಧೀಶ ಜೂಲಿಯನ್ ಮ್ಯಾಕ್. ಎಸ್.ಎಸ್.ಡಬ್ಲ್ಯು. ರಬ್ಬಿ (ಯಹೂದಿ ಧರ್ಮಗುರು) ಸ್ಟೀಫನ್ ವೈಸ್. ಡಿಎಚ್ ಎಂದಿದ್ದರೆ ಜಿಯೋನಿಸ್ಟ್ ಚಳವಳಿಯ ಸಂಗಾತಿ ಜೇಕಬ್ ಡಿ ಹಾಸ್. ಎಲ್.ಡಿ.ಬಿ. ಬ್ರಾಂಡೈಸ್ ಅವರೇ. ಬೇರೆ ಅಕ್ಷರ ಬಂದರೆ ಆ ವರ್ಷದ ಮುದ್ರಿತ ಸಂಪುಟದ ಹೆಸರುಪಟ್ಟಿ ತೆಗೆದು ನೋಡಿ.

ಫೋಲ್ಡರ್ ತುಂಬಾ ಬೇರೆಯವರು ಬರೆದ ಪತ್ರಗಳೇ ಇವೆ. ಬ್ರಾಂಡೈಸ್ ಕೊಟ್ಟ ಉತ್ತರ ಎಲ್ಲಿ?

ಪತ್ರ ಅಂಚೆಗೆ ಹಾಕಿದ ಮೇಲೆ ಪಡೆದವರ ಮನೆ ಸೇರುತ್ತದೆ. ಸಂಸ್ಥೆಯಲ್ಲಿದ್ದಾಗ ಕಳಿಸಿದ ಪತ್ರದ ಪ್ರತಿ ಕಚೇರಿಯಲ್ಲಿ ಉಳಿಯುತ್ತಿತ್ತು, ಹಾಗಾಗಿ 1916ರವರೆಗಿನ ಎರಡೂ ಕಡೆ ಲೂಯಿವಿಲ್‌ನಲ್ಲಿ ಸಿಗುತ್ತದೆ. ಕೈಬರಹಕ್ಕೆ ಇಳಿದ ಮೇಲೆ ಪ್ರತಿ ಇಡುವ ರೂಢಿ ತಪ್ಪಿತು. ಆಗಿನ ಉತ್ತರ ಬೇಕಾದರೆ ಪತ್ರ ಪಡೆದವರು ಯಾರು, ಅವರ ಕಾಗದಗಳು ಎಲ್ಲಿವೆ ಎಂದು ಹುಡುಕಬೇಕು. ಮ್ಯಾಕ್ ಅಥವಾ ಡಿ ಹಾಸ್ ಜೊತೆಗಿನ ಮಾತಿಗೆ ಜೆರುಸಲೇಮ್, ಫ್ರಾಂಕ್‌ಫರ್ಟರ್ ಜೊತೆಗಿನದಕ್ಕೆ ವಾಷಿಂಗ್ಟನ್. ಒಂದು ಕಡೆಯ ಮಾತು ಮಾತ್ರ ಕೇಳಿ ಜಗಳದ ತೀರ್ಮಾನ ಹೇಳಬಾರದು ಎಂಬುದು ಇಲ್ಲಿಗೂ ಸಲ್ಲುತ್ತದೆ.

## ತೀರ್ಪಿನ ಕರಡುಗಳು

ಅಂತಿಮ ತೀರ್ಪು ಅಚ್ಚಾಗಿ ಸಿಗುತ್ತಲ್ಲ, ಕರಡು ಯಾಕೆ ಓದಬೇಕು?

ತೀರ್ಪಿನಿಂದ ಹೊರಗುಳಿದದ್ದು ಕರಡಿನಲ್ಲಿ ಮಾತ್ರ ಸಿಗುತ್ತದೆ. ಬ್ರಾಂಡೈಸ್ ಮೊದಲು ಕೈಯಲ್ಲಿ ಬರೆದು ಅಚ್ಚಿಗೆ ಕಳಿಸುತ್ತಿದ್ದರು. ಅಚ್ಚಿನ ಪ್ರತಿ ಬಂದ ಮೇಲೆ ಅದರ ಮೇಲೆ ತಿದ್ದಿ ಮತ್ತೆ ಕಳಿಸುತ್ತಿದ್ದರು. ಕೆಲವು ತೀರ್ಪುಗಳು ಹೀಗೆ ಹತ್ತಾರು ಸಲ ತಿರುಗಿವೆ. ಜೊತೆಗೆ ಆಯಾ ವರ್ಷದ ಲಾ ಕ್ಲರ್ಕ್ (ನ್ಯಾಯಮೂರ್ತಿಗೆ ನೆರವಾಗುವ ಕಾನೂನು ಸಹಾಯಕ) ಸಿದ್ಧಪಡಿಸಿದ ಟಿಪ್ಪಣಿಗಳು, ಪತ್ರಿಕೆಯ ಕತ್ತರಿಕೆಗಳೂ ಇವೆ.

ಎರಡು ಕಡತಗಳನ್ನು ಹತ್ತಿರದಿಂದ ನೋಡಿದರೆ ಸಾಕು. ಒಂದು, 1927ರ ಮೇ 16ರ ವಿಟ್ನಿ ಮೊಕದ್ದಮೆ. ವಾಕ್ ಸ್ವಾತಂತ್ರ್ಯದ ಬಗ್ಗೆ ಅಲ್ಲಿ ಬ್ರಾಂಡೈಸ್ ಬರೆದದ್ದು ಸಹಮತದ ತೀರ್ಪು. ಶಿಕ್ಷೆಯನ್ನು ಎತ್ತಿಹಿಡಿದ ಫಲಿತಾಂಶಕ್ಕೆ ಒಪ್ಪುತ್ತಲೇ, ಅದಕ್ಕೆ ಎದುರು ದಿಕ್ಕಿನ ತತ್ವವನ್ನು ಇಷ್ಟು ಬಲವಾಗಿ ಯಾಕೆ ಬರೆದರು ಎಂದು ಓದುಗರಿಗೆ ಗೊಂದಲವಾಗುತ್ತದೆ. ಉತ್ತರ ಬೇರೊಂದು ಕಡತದಲ್ಲಿದೆ. ಮಿಷಿಗನ್ ರಾಜ್ಯದ ವಿರುದ್ಧ ಕಮ್ಯುನಿಸ್ಟ್ ನಾಯಕ ಚಾರ್ಲ್ಸ್ ರುಥೆನ್‌ಬರ್ಗ್ ಹೂಡಿದ್ದ ಮೇಲ್ಮನವಿಯಲ್ಲಿ ಬ್ರಾಂಡೈಸ್ ಭಿನ್ನಮತ ಬರೆದಿಟ್ಟಿದ್ದರು. ತೀರ್ಪು ಹೊರಬೀಳುವ ಮೊದಲೇ, 1927ರ ಮಾರ್ಚ್ 2ರಂದು ರುಥೆನ್‌ಬರ್ಗ್ ತೀರಿಕೊಂಡರು, ಮೊಕದ್ದಮೆ ಬಿದ್ದುಹೋಯಿತು. ಆ ಭಿನ್ನಮತದ ಮುಖ್ಯ ಭಾಗಗಳನ್ನು ಎರಡು ತಿಂಗಳ ನಂತರ ವಿಟ್ನಿ ತೀರ್ಪಿಗೆ ತಂದರು. ಅಚ್ಚಾದ ತೀರ್ಪನ್ನಷ್ಟೇ ಓದಿದವರಿಗೆ ಇದು ಎಂದೂ ತಿಳಿಯುವುದಿಲ್ಲ.

ಇನ್ನೊಂದು 1928ರ ಜೂನ್ 4ರ ಓಮ್‌ಸ್ಟೆಡ್. ದೂರವಾಣಿ ಕದ್ದು ಕೇಳಿದ್ದರ ಮೊಕದ್ದಮೆ. ಬೀಗ ಹಾಕಿದ ಮೇಜಿನ ಖಾನೆಯಿಂದ ಕಾಗದ ಹೊರತೆಗೆಯದೆಯೇ ಅದನ್ನು ಕೋರ್ಟಿನಲ್ಲಿ ತೋರಿಸುವ ವಿದ್ಯೆ ಮುಂದೊಂದು ದಿನ ಸರ್ಕಾರದ ಕೈಗೆ ಬರಬಹುದು ಎಂಬ ಎಚ್ಚರಿಕೆ ಅಂತಿಮ ತೀರ್ಪಿನಲ್ಲಿದೆ. ಕರಡಿನಲ್ಲಿ ಇನ್ನೂ ಮುಂದೆ ಹೋಗಿ, ಆಗಷ್ಟೇ ಪ್ರಯೋಗ ಹಂತದಲ್ಲಿದ್ದ ಟೆಲಿವಿಷನ್ ಪ್ರಸ್ತಾಪಿಸಿದ್ದರು. ಅದರ ಸುದ್ದಿಯ ಪತ್ರಿಕಾ ಕತ್ತರಿಕೆಯೂ ಕಡತದಲ್ಲಿದೆ. ಆ ವರ್ಷದ ಲಾ ಕ್ಲರ್ಕ್ ಹೆನ್ರಿ ಫ್ರೆಂಡ್ಲಿ, ಟೆಲಿವಿಷನ್ ಹಾಗೆ ಕೆಲಸ ಮಾಡುವುದಿಲ್ಲ ಎಂದು ತಕರಾರು ಎತ್ತಿದರು. ಸಾಲು ಹೋಯಿತು. ಕ್ಯಾಮೆರಾ, ಫೋನು, ಆಧಾರ್ ಕಾಲದಲ್ಲಿ ಕೂತು ಈ ಅಳಿಸಿದ ಸಾಲನ್ನು ಓದುವಾಗ ಬ್ರಾಂಡೈಸ್ ಎಷ್ಟು ದೂರ ಕಂಡಿದ್ದರು ಎಂದು ಮೈ ಜುಮ್ಮೆನ್ನುತ್ತದೆ.

ಕರಡಿನ ಹಿಂಬದಿಯಲ್ಲಿ ಬೇರೆ ಯಾರದೋ ಕೈಬರಹ ಇದೆ. ಅದೇನು?

ಕರಡನ್ನು ಇತರ ಎಂಟು ನ್ಯಾಯಮೂರ್ತಿಗಳಿಗೆ ಕಳಿಸುತ್ತಿದ್ದರು. ಅವರು ಹಿಂಬದಿಯಲ್ಲೇ ಒಪ್ಪಿಗೆ, ಆಕ್ಷೇಪ, ತಿದ್ದುಪಡಿ ಬರೆದು ವಾಪಸು ಕಳಿಸುತ್ತಿದ್ದರು. ಯಾವ ಪ್ರತಿಯ ಮೇಲೆ ಯಾವ ದಿನದ ಮೊಹರಿದೆ ನೋಡಿಕೊಳ್ಳಿ. ಹೋಮ್ಸ್ ಒಪ್ಪಿದ್ದು ಮೂರನೆಯ ಕರಡಿಗಿರಬಹುದು, ಅಂತಿಮ ಪಠ್ಯಕ್ಕಲ್ಲ. ಸ್ಕ್ಯಾನ್ ಕೇಳುವಾಗ 'ಎರಡೂ ಬದಿ' ಎಂದು ಬರೆಯಲು ಮರೆಯಬೇಡಿ, ಇಲ್ಲದಿದ್ದರೆ ಮುಂಬದಿ ಮಾತ್ರ ಬರಬಹುದು.

## ಯಹೂದಿ ಮುಂದಾಳುತನ ಮತ್ತು ವಿವಾದಗಳು

ಅವರು ಧಾರ್ಮಿಕರೇ ಆಗಿರಲಿಲ್ಲ ಅಂತಾರೆ. ಮತ್ತೆ ಯಹೂದಿ ನಾಯಕ ಹೇಗಾದ್ರು?

ಮನೆಯಲ್ಲಿ ಆಚರಣೆ ಇರಲಿಲ್ಲ. ಸಂಪ್ರದಾಯ ಪಾಲಿಸುತ್ತಿದ್ದವರು ಲೂಯಿವಿಲ್‌ನ ವಕೀಲ ಸೋದರಮಾವ ಲೂಯಿಸ್ ಡೆಂಬಿಟ್ಜ್. ಅವರ ಮೇಲಿನ ಗೌರವಕ್ಕೇ ಬ್ರಾಂಡೈಸ್ ತಮ್ಮ ನಡುಹೆಸರು ಡೇವಿಡ್ ಬಿಟ್ಟು ಡೆಂಬಿಟ್ಜ್ ಇಟ್ಟುಕೊಂಡರು. 1910ರಲ್ಲಿ ನ್ಯೂಯಾರ್ಕಿನ ಬಟ್ಟೆ ಹೊಲಿಯುವ ಕಾರ್ಮಿಕರ ಮುಷ್ಕರದಲ್ಲಿ ಸಂಧಾನಕ್ಕೆ ಹೋದಾಗ, ಎರಡೂ ಪಕ್ಷದಲ್ಲಿದ್ದ ಪೂರ್ವ ಯುರೋಪಿನ ಯಹೂದಿಗಳನ್ನು ಹತ್ತಿರದಿಂದ ಕಂಡರು. 1912ರಲ್ಲಿ ಡಿ ಹಾಸ್ ಭೇಟಿ ಜಿಯೋನಿಸಂ ಕಡೆಗೆ ಸೆಳೆಯಿತು. ಆಗ ಅವರಿಗೆ ಐವತ್ತಾರರ ಆಸುಪಾಸು. ಅವರ ಯಹೂದಿತನ ಪ್ರಾರ್ಥನೆಗಿಂತ ಸಂಘಟನೆಯಲ್ಲಿ, ಸದಸ್ಯರ ಲೆಕ್ಕದಲ್ಲಿ, ಸಂಗ್ರಹವಾದ ಹಣದ ಲೆಕ್ಕದಲ್ಲಿ ಕಾಣುತ್ತದೆ. 'ಜೆಡ್' ಕಡತಗಳಲ್ಲಿ ಉಪದೇಶಕ್ಕಿಂತ ವರದಿಗಳೇ ಜಾಸ್ತಿ ಇರುವುದು ಅದಕ್ಕೇ.

ಜಡ್ಜ್ ಆದ ಮೇಲೆ ಚಳವಳಿ ಬಿಟ್ಟರಾ?

ಹುದ್ದೆಗಳನ್ನು ಬಿಟ್ಟರು, ಕೆಲಸ ಬಿಡಲಿಲ್ಲ. 1919ರ ಬೇಸಿಗೆಯಲ್ಲಿ ಪ್ಯಾಲೆಸ್ಟೈನ್‌ಗೆ ಹೋಗಿಬಂದರು. 1921ರ ಜೂನ್‌ನಲ್ಲಿ ಕ್ಲೀವ್‌ಲ್ಯಾಂಡ್ ಸಮಾವೇಶದಲ್ಲಿ ವಿಶ್ವ ಜಿಯೋನಿಸ್ಟ್ ಸಂಘಟನೆಯ ಮುಖ್ಯಸ್ಥ ಖೈಮ್ ವೈಜ್‌ಮನ್ ಬಣದ ಎದುರು ಅವರ ಬಣ ಸೋತು ಹೊರಬಂತು. ಈ ಜಗಳವನ್ನು ಲೂಯಿವಿಲ್ ಕಡತದಿಂದ ಮಾತ್ರ ಬರೆದರೆ ಅರ್ಧ ಸತ್ಯವಾಗುತ್ತದೆ, ಜೆರುಸಲೇಮಿನ ಕಡತ ಸೇರಲೇಬೇಕು.

ಫ್ರಾಂಕ್‌ಫರ್ಟರ್‌ಗೆ ಬ್ರಾಂಡೈಸ್ ಗುಟ್ಟಾಗಿ ದುಡ್ಡು ಕೊಡ್ತಿದ್ದರಂತೆ, ನಿಜವಾ?

ದುಡ್ಡು ಕೊಟ್ಟದ್ದು ನಿಜ, ಪತ್ರಗಳಲ್ಲೇ ಇದೆ. 1916ರಲ್ಲಿ ಸಣ್ಣ ಮೊತ್ತದಿಂದ ಶುರುವಾಗಿ 1920ರ ದಶಕದ ನಡುವಿನಿಂದ ವರ್ಷಕ್ಕೆ 3,500 ಡಾಲರ್‌ಗೆ ಬಂತು. ಫ್ರಾಂಕ್‌ಫರ್ಟರ್ ಆಗ ಹಾರ್ವರ್ಡ್ ಪ್ರಾಧ್ಯಾಪಕರು. ಸಾರ್ವಜನಿಕ ಕೆಲಸದ ಖರ್ಚಿಗೆ ಎಂಬುದು ಬ್ರಾಂಡೈಸ್ ಕೊಟ್ಟ ಕಾರಣ. 1982ರಲ್ಲಿ ಇದು ಪುಸ್ತಕವಾಗಿ ಪತ್ರಿಕೆಗಳ ಮುಖಪುಟಕ್ಕೆ ಬಂದಾಗ ನ್ಯಾಯಾಂಗದ ನೀತಿಯ ಪ್ರಶ್ನೆ ಎದ್ದಿತು. ನ್ಯಾಯಪೀಠದಲ್ಲಿ ಕೂತವರು ಸುಧಾರಣೆಯ ಕೆಲಸಕ್ಕೆ ಹೀಗೆ ಹಣ ಒದಗಿಸಿದ್ದು ಇಂದಿನ ಅಳತೆಗೆ ಸರಿ ಕಾಣುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೆ ಪತ್ರಗಳನ್ನು ತಾವೇ ಓದದೆ 'ಸಂಬಳ', 'ಲಂಚ' ಎಂಬ ಪದ ಬಳಸುವವರನ್ನೂ ಒಪ್ಪಲಾಗದು. 1991ರ ಸಂಪುಟದಲ್ಲಿ ಆ ಪತ್ರಗಳು ದಿನಾಂಕದ ಕ್ರಮದಲ್ಲಿವೆ, ಸಂದರ್ಭ ಸಮೇತ ಓದಬಹುದು.

ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಕಾಗದ ಕಳುವಾಗಿದ್ದು ಹೌದಾ?

ಹೌದು. 1970ರ ದಶಕದ ಆರಂಭದಲ್ಲಿ ಫ್ರಾಂಕ್‌ಫರ್ಟರ್ ಸಂಗ್ರಹದಿಂದ ಸಾವಿರಕ್ಕೂ ಹೆಚ್ಚು ಪುಟ ಕಾಣೆಯಾದವು, 1972ರಲ್ಲಿ ಅದು ಗೊತ್ತಾಯಿತು. ಆ ಸಂಗ್ರಹ ಬಳಸುವವರು ಸೂಚಿಯಲ್ಲಿರುವುದೆಲ್ಲ ಪೆಟ್ಟಿಗೆಯಲ್ಲಿದೆ ಎಂದು ನಂಬಿ ಹೊರಡಬಾರದು. ಪತ್ರಸರಣಿಯಲ್ಲಿ ಅಂತರ ಕಂಡರೆ 'ಇವರಿಬ್ಬರು ಆ ತಿಂಗಳು ಮಾತಾಡಲಿಲ್ಲ' ಎಂದು ಬರೆಯುವ ಮೊದಲು ಕಾಗದ ಕಳೆದುಹೋಗಿದೆಯೇ ಎಂದು ವಿಚಾರಿಸಿ.

## ಬಳಸುವುದು, ಪ್ರಕಟಿಸುವುದು

ಈ ಪತ್ರಗಳನ್ನು ಕನ್ನಡಕ್ಕೆ ಅನುವಾದಿಸಿ ಪುಸ್ತಕ ಮಾಡಬಹುದಾ?

ಪತ್ರ ಯಾರು ಬರೆದದ್ದು ಎಂಬುದರ ಮೇಲೆ ಹೋಗುತ್ತದೆ. ಪತ್ರಾಗಾರದ ಬಳಿ ಕಾಗದವಿದ್ದರೂ ಹಕ್ಕು ಬರೆದವರದ್ದು. ಅಮೆರಿಕದಲ್ಲಿ ಅಪ್ರಕಟಿತ ಬರಹಕ್ಕೆ ಬರೆದವರು ತೀರಿಕೊಂಡ ಮೇಲೆ 70 ವರ್ಷ ರಕ್ಷಣೆ. ಬ್ರಾಂಡೈಸ್ ಅವರ ಅಪ್ರಕಟಿತ ಪತ್ರಗಳು 2012ರ ಜನವರಿ 1ಕ್ಕೆ ಮುಕ್ತವಾದವು. ಅವರಿಗೆ ಬಂದ ಪತ್ರಗಳಿಗೆ ಬೇರೆ ಲೆಕ್ಕ. 1965ರಲ್ಲಿ ತೀರಿಕೊಂಡ ಫ್ರಾಂಕ್‌ಫರ್ಟರ್ ಬರೆದವಕ್ಕೆ, ಹಕ್ಕನ್ನು ಮೊದಲೇ ಬಿಟ್ಟುಕೊಟ್ಟಿರದಿದ್ದರೆ, 2035ರ ಕೊನೆಯವರೆಗೆ. ಸೂಚಿಯ ಆರಂಭದಲ್ಲಿ ಹಕ್ಕಿನ ಬಗ್ಗೆ ಒಂದು ಟಿಪ್ಪಣಿ ಇರುತ್ತದೆ, ಅದನ್ನು ಮೊದಲು ಓದಿ.

ಐದು ಸಂಪುಟಗಳಲ್ಲಿ ಮೊದಲ ಬಾರಿ ಅಚ್ಚಾದ ಪತ್ರಗಳ ವಿಷಯ ಸೂಕ್ಷ್ಮ. ಭಾರತದ ಕಾಯ್ದೆಯಲ್ಲಿ, ಬರೆದವರು ತೀರಿದ ಮೇಲೆ ಮೊದಲು ಪ್ರಕಟವಾದದ್ದಕ್ಕೆ ಪ್ರಕಟವಾದ ವರ್ಷದಿಂದ 60 ವರ್ಷ ಎಣಿಸುತ್ತಾರೆ. 1971ರ ಸಂಪುಟಕ್ಕೆ ಅದು 2031ರ ಕೊನೆಗೆ ಬರುತ್ತದೆ. ಸಂಪಾದಕರ ಟಿಪ್ಪಣಿಗಳ ಹಕ್ಕು ಸಂಪಾದಕರದ್ದೇ. ಇಡೀ ಪತ್ರಗಳ ಅನುವಾದ ಮಾಡುವುದಿದ್ದರೆ ಪ್ರಕಾಶಕರಿಗೆ ಬರೆದು ಲಿಖಿತ ಒಪ್ಪಿಗೆ ಪಡೆಯಿರಿ. ಸಂಶೋಧನಾ ಪ್ರಬಂಧದಲ್ಲಿ ಕೆಲವು ಸಾಲು ಉಲ್ಲೇಖಿಸಲು ಇಷ್ಟು ತಾಪತ್ರಯ ಬೇಡ. ಕೋರ್ಟಿನ ತೀರ್ಪುಗಳಂತೂ ಅಮೆರಿಕದಲ್ಲಿ ಯಾರ ಹಕ್ಕಿಗೂ ಒಳಪಟ್ಟಿಲ್ಲ.

ಅಡಿಟಿಪ್ಪಣಿ ಹೇಗೆ ಬರೀಬೇಕು?

ಬರೆದವರು, ಪಡೆದವರು, ಪೂರ್ಣ ದಿನಾಂಕ (ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ), ವಿಭಾಗ ಮತ್ತು ಕಡತದ ಗುರುತು ಅಥವಾ ಪೆಟ್ಟಿಗೆ ಮತ್ತು ಫೋಲ್ಡರ್ ಸಂಖ್ಯೆ, ಸಂಗ್ರಹದ ಹೆಸರು, ಸಂಸ್ಥೆ, ಊರು, ಈ ಕ್ರಮದಲ್ಲಿ. 'ಬ್ರಾಂಡೈಸ್ ಪೇಪರ್ಸ್' ಎಂದಷ್ಟೇ ಬರೆದರೆ ಲೂಯಿವಿಲ್ಲೋ ಹಾರ್ವರ್ಡೋ ವಾಲ್ಟಮ್ಮೋ ಎಂದು ಓದುಗರಿಗೆ ತಿಳಿಯದು. ಮೈಕ್ರೋಫಿಲ್ಮ್‌ನಲ್ಲಿ ಓದಿದ್ದರೆ ರೀಲ್ ಸಂಖ್ಯೆಯನ್ನೂ ಸೇರಿಸಿ, ಮೂಲ ನೋಡಿದ್ದೇನೆ ಎಂಬಂತೆ ಬರೆಯಬೇಡಿ. ಮಬ್ಬಾದ ಪೆನ್ಸಿಲ್ ಗುರುತು, ಅಂಚಿನ ಬರಹ ಫಿಲ್ಮಿನಲ್ಲಿ ಬಿಟ್ಟುಹೋಗಿರುತ್ತದೆ. ಮುಂದಿನ ಸಂಶೋಧಕರು ನೀವು ಯಾವುದನ್ನು ನೋಡಿದಿರಿ ಎಂದು ತಿಳಿದರೆ ಮಾತ್ರ ಅದನ್ನು ಹುಡುಕಿಕೊಂಡು ಮೂಲಕ್ಕೆ ಹೋಗುತ್ತಾರೆ.